ಎರಡು ಪುಸ್ತಕಗಳ ತಾಳೆ: ಹಣಕಾಸು ವಿಭಾಗ ಮತ್ತು ದತ್ತಾಂಶ ವಿಭಾಗ

ವ್ಯಾಪಾರ ನಡೆಸುವ ಯಾವ ಸಂಸ್ಥೆಯಲ್ಲೂ ಇಂದು ಎರಡು ಬಗೆಯ ಲೆಕ್ಕ ನಡೆಯುತ್ತದೆ. ಒಂದು, ಹಣಕಾಸು ವಿಭಾಗ ಬರೆಯುವ ಜಮಾ-ಖರ್ಚು: ಬಂದ ಹಣ, ಹೋದ ಹಣ, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ, ವರ್ಷದ ಕೊನೆಗೆ ಲಾಭ-ನಷ್ಟದ ತಃಖ್ತೆ ಮತ್ತು ಅಢಾವೆ ಪತ್ರಿಕೆ. ಇನ್ನೊಂದು, ದತ್ತಾಂಶ ವಿಭಾಗ ಕೂಡಿಡುವ ವಿವರ: ಯಾರು ಕೊಂಡರು, ಯಾವಾಗ ಕೊಂಡರು, ಎಷ್ಟು ತೂಗಿತು, ಯಾವ ದರ್ಜೆಯದು, ಮರಳಿ ಬಂದದ್ದೆಷ್ಟು. ಎರಡೂ ಹುಟ್ಟುವುದು ಒಂದೇ ವ್ಯವಹಾರದಿಂದ. ಆದರೂ ತಿಂಗಳ ಕೊನೆಯಲ್ಲಿ ಎರಡು ವಿಭಾಗಗಳು ಹೇಳುವ ಮಾರಾಟದ ಮೊತ್ತ ಹೊಂದುವುದಿಲ್ಲ. ಆಡಳಿತ ಮಂಡಳಿಯ ಮುಂದೆ ಎರಡು ಸಂಖ್ಯೆಗಳು ಬರುತ್ತವೆ, ಯಾವುದು ನಿಜ ಎಂಬ ಚರ್ಚೆಯಲ್ಲೇ ಸಭೆ ಮುಗಿಯುತ್ತದೆ, ತೆಗೆದುಕೊಳ್ಳಬೇಕಾದ ತೀರ್ಮಾನ ಮುಂದಕ್ಕೆ ಹೋಗುತ್ತದೆ.

ಹೀಗೆ ಹೊಂದದಿರುವುದಕ್ಕೆ ಬಹಳ ಸಲ ಮೋಸವೂ ಕಾರಣವಲ್ಲ, ದಡ್ಡತನವೂ ಅಲ್ಲ. ಎರಡು ವಿಭಾಗಗಳು ಎಣಿಸುತ್ತಿರುವ ಸಂಗತಿಗಳೇ ಬೇರೆ. ದತ್ತಾಂಶ ವಿಭಾಗಕ್ಕೆ ಗಿರಾಕಿ ಆರ್ಡರ್ ಕೊಟ್ಟ ಕ್ಷಣವೇ ಮಾರಾಟ. ಹಣಕಾಸು ವಿಭಾಗ ಅದನ್ನು ಮಾರಾಟವೆಂದು ಒಪ್ಪುವುದಿಲ್ಲ. ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲ್ 1ರಿಂದ ಅನ್ವಯವಾಗುತ್ತಿರುವ ಭಾರತೀಯ ಲೆಕ್ಕಪತ್ರ ಮಾನದಂಡ 115ರ ಪ್ರಕಾರ, ಸರಕಿನ ಮೇಲಿನ ಹತೋಟಿ ಗಿರಾಕಿಗೆ ದಾಟಿದ ಮೇಲಷ್ಟೇ ಆದಾಯ ಬರೆಯಬಹುದು. ಮಾರ್ಚ್ 30ರಂದು ಬಂದ ಆರ್ಡರಿನ ಸರಕು ಏಪ್ರಿಲ್ 3ಕ್ಕೆ ತಲುಪಿದರೆ ಒಂದು ವಿಭಾಗ ಅದನ್ನು ಹೋದ ವರ್ಷಕ್ಕೂ ಇನ್ನೊಂದು ಈ ವರ್ಷಕ್ಕೂ ಸೇರಿಸುತ್ತದೆ. ಜಿಎಸ್‌ಟಿ ಸೇರಿದ ಮೊತ್ತವೋ ಸೇರದ್ದೋ, ರಿಯಾಯಿತಿ ಕಳೆದದ್ದೋ ಕಳೆಯದ್ದೋ, ಮರಳಿ ಬಂದ ಸರಕನ್ನು ಯಾವ ತಿಂಗಳಲ್ಲಿ ಇಳಿಸಬೇಕು ಎಂಬ ಪ್ರಶ್ನೆಗಳೂ ಇದರ ಜೊತೆಗೆ ಸೇರಿಕೊಳ್ಳುತ್ತವೆ.

ಇದಕ್ಕಿಂತ ಆಳವಾದ ಭೇದ ಹಳೆಯ ಕಾಲವನ್ನು ಕಾಣುವ ಬಗೆಯಲ್ಲಿದೆ. ಹಣಕಾಸು ವಿಭಾಗ ಮುಗಿದ ತಿಂಗಳನ್ನು ಮುಚ್ಚುತ್ತದೆ. ಮುಚ್ಚಿದ ಪುಸ್ತಕದಲ್ಲಿ ತಪ್ಪು ಕಂಡರೆ ಹಳೆಯ ನಮೂದನ್ನು ಅಳಿಸುವಂತಿಲ್ಲ. ಹೊಸ ದಿನಾಂಕದಲ್ಲಿ ಎದುರು ನಮೂದು ಬರೆದು ಸರಿಪಡಿಸಬೇಕು. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಾಚೋಲಿ ಇಬ್ಬಗೆಯ ನಮೂದಿನ ಪದ್ಧತಿಯನ್ನು ಅಚ್ಚು ಹಾಕಿಸಿದ ಕಾಲದಿಂದ ಇಂದಿನವರೆಗೆ ಲೆಕ್ಕಿಗರನ್ನು ಬೆಳೆಸಿದ ಶಿಸ್ತು ಇದು. ದತ್ತಾಂಶ ವಿಭಾಗದ ರೂಢಿ ಇದಕ್ಕೆ ತದ್ವಿರುದ್ಧ. ತಡವಾಗಿ ಬಂದ ವಿವರ ಸೇರಿಸಿ, ಎರಡು ಸಲ ನಮೂದಾದದ್ದನ್ನು ತೆಗೆದು, ಹಳೆಯ ತಿಂಗಳುಗಳನ್ನೂ ಮತ್ತೆ ಎಣಿಸುವುದು ಅಲ್ಲಿ ಒಳ್ಳೆಯ ಕೆಲಸವೆನಿಸಿಕೊಳ್ಳುತ್ತದೆ. ಜೂನ್‌ನಲ್ಲಿ ಕೇಳಿದರೆ ಮಾರ್ಚ್ ತಿಂಗಳ ಮಾರಾಟ ಒಂದು ಸಂಖ್ಯೆ, ಆಗಸ್ಟ್‌ನಲ್ಲಿ ಕೇಳಿದರೆ ಇನ್ನೊಂದು. ಲೆಕ್ಕಿಗರ ಕಣ್ಣಿಗೆ ಇದು ಅಶಿಸ್ತು; ದತ್ತಾಂಶದವರ ಕಣ್ಣಿಗೆ ಲೆಕ್ಕಿಗರದು ಹಟ. ಎರಡು ಶಿಸ್ತುಗಳೂ ಬೇಕಾದವೇ. ಮೊದಲನೆಯದು ನಂಬಿಕೆಯನ್ನು ಕಾಯುತ್ತದೆ, ಎರಡನೆಯದು ನಿಖರತೆಯನ್ನು.

ಕಾನೂನು ಈವರೆಗೆ ಒಂದು ಕಡೆಯನ್ನಷ್ಟೇ ಬಿಗಿ ಮಾಡಿದೆ. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ದಿನಾಂಕದ ಸಮೇತ ದಾಖಲಿಸಲೇಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸುವಂತಿರಬಾರದು. ದತ್ತಾಂಶ ಭಂಡಾರಕ್ಕೆ ಇಂಥ ಕಟ್ಟಳೆಯಿಲ್ಲ. ಎರಡರ ನಡುವಿನ ಅಂತರ ಹೆಚ್ಚಾಗಲು ಯಂತ್ರಗಳ ಚರಿತ್ರೆಯೂ ಕಾರಣ. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಟ್ಯಾಲಿಯಂಥ ತಂತ್ರಾಂಶ ಕಿರ್ದಿ-ಖಾತೆಗಳನ್ನು ಸಣ್ಣ ಅಂಗಡಿಯ ಗುಮಾಸ್ತರ ಕೈಗೂ ಎಟುಕುವಂತೆ ಮಾಡಿತು. ತೂಕದ ಯಂತ್ರ, ಬಿಲ್ಲಿನ ಯಂತ್ರ, ಮೊಬೈಲ್ ಫೋನ್ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮಾರಾಟಗಾರರಿಂದ ಬಂದವು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯಲಿಲ್ಲ. ನಡುವೆ ಎಕ್ಸೆಲ್ ಹಾಳೆ ಇಟ್ಟುಕೊಂಡು ಕೈಯಿಂದ ಸಂಖ್ಯೆ ಸಾಗಿಸುವ ಕೆಲಸ ಹಾಗೆಯೇ ಉಳಿಯಿತು.

ಚನ್ನಗಿರಿ ಸೀಮೆಯಲ್ಲಿ ಈ ಅಂತರವನ್ನು ಕಣ್ಣಾರೆ ಕಾಣಲು ಅಡಿಕೆ ವಹಿವಾಟಿಗಿಂತ ಒಳ್ಳೆಯ ಜಾಗವಿಲ್ಲ. ಚನ್ನಗಿರಿಯ ತುಮ್ಕೋಸ್, 1939ರಲ್ಲಿ ಶಿವಮೊಗ್ಗದಲ್ಲಿ ಆರಂಭವಾದ ಮ್ಯಾಮ್ಕೋಸ್ ಮೊದಲಾದ ಅಡಿಕೆ ಮಾರಾಟ ಸಹಕಾರ ಸಂಘಗಳು ಬೆಳೆಗಾರರ ಮಾಲನ್ನು ಮಾರಿಸಿಕೊಡುತ್ತವೆ, ಸಾಲವನ್ನೂ ಕೊಡುತ್ತವೆ. ಇಂಥ ಸಂಘಕ್ಕೆ ಸದಸ್ಯರೊಬ್ಬರು ಜನವರಿಯಲ್ಲಿ 20 ಚೀಲ ರಾಶಿ ಅಡಿಕೆ ತಂದರು ಎಂದಿಟ್ಟುಕೊಂಡರೆ, ಅಲ್ಲಿಂದ ಎರಡು ಕಥೆಗಳು ಶುರುವಾಗುತ್ತವೆ. ಗೋದಾಮಿನ ಕಥೆಯಲ್ಲಿ ಸದಸ್ಯತ್ವದ ಸಂಖ್ಯೆ, ಲಾಟ್ ಸಂಖ್ಯೆ, ಚೀಲಗಳ ಎಣಿಕೆ, ತೂಕ, ದರ್ಜೆ ಇವೆ. ಲೆಕ್ಕದ ಕಥೆಯಲ್ಲಿ ಆ ಮಾಲಿನ ಮೇಲೆ ಕೊಟ್ಟ ಮುಂಗಡ, ದಿನದಿನಕ್ಕೆ ಬೆಳೆಯುವ ಬಡ್ಡಿ, ಮಾರಾಟವಾದಾಗ ಹಿಡಿಯುವ ಕಮಿಷನ್ ಮತ್ತು ಹಮಾಲಿ ಇವೆ. ಧಾರಣೆ ನೋಡಿಕೊಂಡು ಆ ಸದಸ್ಯರು ಮಾರ್ಚ್‌ನಲ್ಲಿ 12 ಚೀಲ, ಜೂನ್‌ನಲ್ಲಿ 8 ಚೀಲ ಬಿಟ್ಟರೆ, ಗೋದಾಮಿನ ಲೆಕ್ಕಕ್ಕೆ 20 ಚೀಲವೂ ಒಂದೇ ಹಂಗಾಮಿನ ಆವಕ. ಸಂಘದ ಆದಾಯಕ್ಕೆ 12 ಚೀಲದ ಕಮಿಷನ್ ಈ ವರ್ಷದ್ದು, 8 ಚೀಲದ್ದು ಬರುವ ವರ್ಷದ್ದು.

ಇನ್ನೂ ಸೂಕ್ಷ್ಮವಾದ ಸಂಗತಿ ಮಾರ್ಚ್ 31ರಂದು ಎದುರಾಗುತ್ತದೆ. ಅಂದು ಗೋದಾಮಿನಲ್ಲಿ 8 ಚೀಲ ಕಣ್ಣಿಗೆ ಕಾಣುತ್ತಿವೆ, ದಾಸ್ತಾನು ಪಟ್ಟಿಯಲ್ಲೂ ಇವೆ. ಸಂಘದ ಅಢಾವೆ ಪತ್ರಿಕೆಯ ಸರಕಿನ ಕಾಲಮಿನಲ್ಲಿ ಮಾತ್ರ ಅವು ಬರಬಾರದು. ಆ ಅಡಿಕೆ ಇನ್ನೂ ಬೆಳೆಗಾರರದು. ಅಡಮಾನವಾಗಿ ಸಂಘದ ವಶದಲ್ಲಿದೆ ಅಷ್ಟೆ. ಸಂಘದ ಆಸ್ತಿ ಎಂದರೆ ಅವರಿಂದ ಬರಬೇಕಾದ ಮುಂಗಡ ಮತ್ತು ಬಡ್ಡಿ. ಇದನ್ನು ತಿಳಿಯದ ದತ್ತಾಂಶ ತಜ್ಞರು ಗೋದಾಮಿನ ಚೀಲಗಳನ್ನೆಲ್ಲ ಆ ದಿನದ ಧಾರಣೆಯಿಂದ ಗುಣಿಸಿ, ಸಂಘದ ದಾಸ್ತಾನು ಇಷ್ಟು ಕೋಟಿ ಎಂದು ವರದಿ ಕೊಟ್ಟರೆ ಅದು ಅಂಕಗಣಿತದಲ್ಲಿ ಸರಿ, ಲೆಕ್ಕಶಾಸ್ತ್ರದಲ್ಲಿ ತಪ್ಪು. ಹಾಗೆಯೇ, ಅಡಿಕೆ ಒಣಗುತ್ತ ತೂಕ ಇಳಿಯುತ್ತದೆ, ದರ್ಜೆ ಮಾಡುವಾಗ ಬೇರೆ ಮಾಲು ಹೊರಬೀಳುತ್ತದೆ ಎಂಬುದನ್ನು ತಿಳಿಯದ ಲೆಕ್ಕಿಗರು ಜೂನ್ ತಿಂಗಳ ತೂಕದ ಕೊರತೆಯನ್ನು ಕಳವೆಂದು ಶಂಕಿಸಬಹುದು. ಗೋದಾಮಿನ ಗುಮಾಸ್ತರು ಇಬ್ಬರಿಗೂ ಉತ್ತರ ಹೇಳಬಲ್ಲರು, ಆದರೆ ಅವರನ್ನು ಕೇಳುವ ರೂಢಿ ಬಹಳ ಕಡೆ ಇಲ್ಲ.

ಹಾಲಿನ ಡೇರಿಯಲ್ಲಿ ಅಂತರ ಇಷ್ಟು ದೊಡ್ಡದಲ್ಲ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟವಾದ ಶಿಮುಲ್‌ಗೆ ಸೇರಿದ ಹಳ್ಳಿಯ ಸಂಘಗಳಲ್ಲಿ ಲೀಟರು, ಕೊಬ್ಬಿನಂಶ, ಕೊಬ್ಬೇತರ ಘನಾಂಶ (ಎಸ್‌ಎನ್‌ಎಫ್) ಅಳೆಯುವ ಹೊತ್ತಿಗೇ ದರ ಗೊತ್ತಾಗುತ್ತದೆ. ಅಳತೆಯೂ ಬೆಲೆಯೂ ಒಂದೇ ನಮೂದಿನಲ್ಲಿ ಹುಟ್ಟುತ್ತವೆ, ತಪ್ಪಿದ್ದರೆ ಹಾಲು ಹಾಕಿದವರು ಮರುದಿನವೇ ಕೇಳುತ್ತಾರೆ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿ ಮುಂದೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನದ ದಾರಿ ಬೇರೆ. ಅದಕ್ಕೆ ಸಂಘದ ಅಳತೆ ಒಕ್ಕೂಟಕ್ಕೆ, ಅಲ್ಲಿಂದ ಇಲಾಖೆಗೆ, ಅಲ್ಲಿಂದ ಖಜಾನೆಗೆ ಹೋಗಬೇಕು. ದಾರಿ ಉದ್ದವಾದಷ್ಟೂ ತಾಳೆ ನೋಡುವ ಜಾಗಗಳು ಹೆಚ್ಚುತ್ತವೆ.

ಈ ನಾಡಿನ ಕಂದಾಯ ಆಡಳಿತ ಇದೇ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿತ್ತು. ಹಳ್ಳಿಯ ಶಾನುಭೋಗರ ಬಳಿ ಎರಡು ಬಗೆಯ ಪುಸ್ತಕಗಳಿರುತ್ತಿದ್ದವು. ಪಹಣಿಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾರ ಸ್ವಾಧೀನ, ಯಾವ ಬೆಳೆ, ಖುಷ್ಕಿಯೋ ತರಿಯೋ ಬಾಗಾಯ್ತೋ ಎಂಬ ವಿವರ. ಕಿರ್ದಿಯಲ್ಲಿ ವಸೂಲಾದ ಹಣ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಧಿಕಾರಿಗಳು ಈ ಎರಡನ್ನೂ ಎದುರುಬದುರು ಇಟ್ಟು, ಬೇಡಿಕೆ, ವಸೂಲಿ, ಬಾಕಿ ಮೂರನ್ನೂ ತಾಳೆ ನೋಡುತ್ತಿದ್ದರು. ದತ್ತಾಂಶಕ್ಕೆ ಒಬ್ಬರು, ಹಣಕ್ಕೆ ಒಬ್ಬರು ಎಂಬ ಪಾಲು ಅಲ್ಲಿರಲಿಲ್ಲ. ಎರಡು ಪುಸ್ತಕ ಒಂದೇ ಕೈಯಲ್ಲಿದ್ದರೆ ತಿದ್ದುವುದೂ ಸುಲಭ ಎಂಬ ದೋಷ ಅದಕ್ಕಿತ್ತು, ವಂಶಪಾರಂಪರ್ಯದ ಹುದ್ದೆಯಲ್ಲಂತೂ ಅದು ಊರಿನ ಬಡವರ ಮೇಲೆ ಅಧಿಕಾರವಾಗಿ ಬೆಳೆದಿತ್ತು. ಗ್ರಾಮಾಧಿಕಾರಗಳ ರದ್ದತಿಯ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಹುದ್ದೆ ಹೋದದ್ದು ನ್ಯಾಯವೇ. ಅದಾದ ಮೇಲೆ ಗ್ರಾಮ ಲೆಕ್ಕಿಗರು ಬಂದರು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಹಣದ ಕಡೆ ಖಜಾನೆ ಗಣಕೀಕರಣ, ಮುಂದೆ ಖಜಾನೆ-2 ಬಂತು. ದಾಖಲೆ ಒಂದು ಇಲಾಖೆಯ ಸರ್ವರಿನಲ್ಲಿ, ಹಣ ಇನ್ನೊಂದು ಇಲಾಖೆಯ ಸರ್ವರಿನಲ್ಲಿ ಎಂಬ ಇಂದಿನ ಸ್ಥಿತಿ ಹೀಗೆ ರೂಪುಗೊಂಡಿತು.

ಇದರ ಪರೀಕ್ಷೆ ನಡೆದದ್ದು 2018ರ ಸಾಲಮನ್ನಾದಲ್ಲಿ. ಬ್ಯಾಂಕುಗಳ ಸಾಲದ ಖಾತೆ, ಪಡಿತರ ಚೀಟಿ, ಆಧಾರ್ ಮತ್ತು ಪಹಣಿಯ ಸರ್ವೆ ನಂಬರುಗಳನ್ನು ಒಂದಕ್ಕೊಂದು ಹೊಂದಿಸದೆ ಹಣ ಬಿಡುಗಡೆ ಮಾಡುವಂತಿರಲಿಲ್ಲ. ಬ್ಯಾಂಕಿನ ಖಾತೆಯಲ್ಲಿ ಸಾಲಗಾರರ ಹೆಸರು ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆ ಇದ್ದಲ್ಲಿ ಅರ್ಹರೂ ಕಾಯಬೇಕಾಯಿತು. ಅನಂತರ ಬಂದ, ರೈತರ ನೋಂದಣಿಯ ಫ್ರೂಟ್ಸ್ ದತ್ತಾಂಶದಲ್ಲಿ ಪ್ರತಿ ರೈತರಿಗೂ ಒಂದು ಎಫ್‌ಐಡಿ ಸಂಖ್ಯೆ ಕೊಟ್ಟು, ಅವರ ಎಲ್ಲ ಸರ್ವೆ ನಂಬರುಗಳನ್ನು ಅದಕ್ಕೆ ಜೋಡಿಸುವ ಕೆಲಸ ಆಯಿತು. ಈಚಿನ ವರ್ಷಗಳಲ್ಲಿ ಹಣವನ್ನೂ ವಿವರವನ್ನೂ ಹತ್ತಿರ ತಂದ ಕ್ರಮಗಳಲ್ಲಿ ಇದು ಬಹಳ ಮುಖ್ಯವಾದದ್ದು.

2023ರ ಬರ ಇದನ್ನು ಮತ್ತೆ ಒರೆಗೆ ಹಚ್ಚಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಕೈಕೊಟ್ಟ ಹೊಲದಿಂದ ರೈತರ ಖಾತೆಗೆ ಹಣ ಬರುವ ದಾರಿಯನ್ನು ಹತ್ತಿರದಿಂದ ನೋಡಬೇಕು. ಜಗಳೂರು ಸೀಮೆಯ ಖುಷ್ಕಿ ಹೊಲ ಒಂದು ಎಕರೆ ಇಪ್ಪತ್ತು ಗುಂಟೆ ಎಂದಿಟ್ಟುಕೊಂಡರೆ, ಪಹಣಿ ಅದನ್ನು ಎಕರೆ-ಗುಂಟೆಯಲ್ಲೇ ಹೇಳುತ್ತದೆ. ಆಗಿನ ಪರಿಹಾರದ ನಿಯಮ ಹೇಳಿದ್ದು ಹೆಕ್ಟೇರಿನಲ್ಲಿ: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500, ಗರಿಷ್ಠ 2 ಹೆಕ್ಟೇರ್. ಒಂದೂವರೆ ಎಕರೆ ಎಂದರೆ 0.607 ಹೆಕ್ಟೇರ್, ಸಲ್ಲಬೇಕಾದ್ದು ಸುಮಾರು 5,160 ರೂಪಾಯಿ. ಆದರೆ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಆ ಹೊಲದಲ್ಲಿ ಮೆಕ್ಕೆಜೋಳ ಎಂದು ದಾಖಲಾಗಿರಬೇಕು, ಸರ್ವೆ ನಂಬರು ಎಫ್‌ಐಡಿಗೆ ಜೋಡಣೆಯಾಗಿರಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಹಣ ನಿಲ್ಲುತ್ತದೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದು ಪೌತಿ ಖಾತೆ ಆಗದಿದ್ದರೆ, ಹೊಲ ಉತ್ತವರಿಗೆ ಆ ಸರ್ವೆ ನಂಬರಿನ ಮೇಲೆ ಎಫ್‌ಐಡಿ ಇಲ್ಲ. ಆಧಾರ್ ಮೂಲಕ ಪಾವತಿಯಾಗುವ ಹಣ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುವುದರಿಂದ, ಎಂದೋ ತೆರೆದು ಮರೆತ ಖಾತೆಯಲ್ಲಿ ಪರಿಹಾರ ಬಿದ್ದಿದ್ದು, ರೈತರು ಇನ್ನೊಂದು ಬ್ಯಾಂಕಿನ ಪಾಸ್‌ಬುಕ್ ಹಿಡಿದು ತಾಲ್ಲೂಕು ಕಚೇರಿಗೆ ಬರುವುದೂ ಉಂಟು.

ಇಂಥ ಸಂದರ್ಭದಲ್ಲಿ ಹಣದ ಕಡೆಯವರು ಪಾವತಿ ಆಗಿದೆ ಎನ್ನುತ್ತಾರೆ, ದಾಖಲೆಯ ಕಡೆಯವರು ಅರ್ಜಿ ಸರಿಯಿದೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಹಣ ಮಾತ್ರ ಕೈಗೆ ಬಂದಿರುವುದಿಲ್ಲ. ಅಂತರದ ಬೆಲೆಯನ್ನು ಕೊನೆಗೆ ತೆರುವವರು ಸಾಲಿನ ತುದಿಯಲ್ಲಿ ನಿಂತವರೇ. ಕಂಪನಿಯಲ್ಲಾದರೆ ಅವರು ಬಿಲ್ಲಿನ ಹಣಕ್ಕೆ ತಿಂಗಳುಗಟ್ಟಲೆ ಕಾಯುವ ಸಣ್ಣ ಸರಬರಾಜುದಾರರು.

ಮೇಲಿನ ಹಂತದಲ್ಲೂ ಇದೇ ಅಂತರ ಕಂಡಿತು. ಬರ ಪರಿಹಾರಕ್ಕಾಗಿ ಸಣ್ಣ ಮತ್ತು ಅತಿಸಣ್ಣ ರೈತರ ಪಾಲನ್ನು ಲೆಕ್ಕ ಹಾಕಲು ಕೇಂದ್ರ ಬಳಸಿದ್ದು 2015-16ರ ಕೃಷಿ ಗಣತಿ. ಅಷ್ಟರಲ್ಲಿ ಹಿಡುವಳಿಗಳು ಇನ್ನಷ್ಟು ಒಡೆದಿದ್ದವು. ಫ್ರೂಟ್ಸ್ ದತ್ತಾಂಶವನ್ನು ಪರಿಗಣಿಸಬೇಕೆಂದು ರಾಜ್ಯ 2023ರಲ್ಲಿ ಕೇಳಿತು. ಹೊಸ ವಿವರ ಕೈಯಲ್ಲಿದ್ದೂ ಹಳೆಯ ಗಣತಿಯ ಮೇಲೆ ಹಣದ ಲೆಕ್ಕ ಹಾಕುವುದು, ಯಾವ ದತ್ತಾಂಶವನ್ನು ಹಣಕಾಸಿನವರು ಒಪ್ಪಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದಿದ್ದುದರ ಫಲ. ರಾಜ್ಯ ಸರ್ಕಾರ 2024ರ ಜನವರಿಯಿಂದ ಗರಿಷ್ಠ 2,000 ರೂಪಾಯಿಯ ಮೊದಲ ಕಂತು ಕೊಟ್ಟಿತು. ಕೇಂದ್ರದ ಸುಮಾರು 3,454 ಕೋಟಿ ರೂಪಾಯಿ ಬಂದದ್ದು ಏಪ್ರಿಲ್ ಕೊನೆಯಲ್ಲಿ.

ವಿವರವೇ ಇಲ್ಲದ ಕಡೆ ಅಂತರದ ಮಾತೂ ಏಳುವುದಿಲ್ಲ. ಬಂಜಾರರ ತಾಂಡಾಗಳ ಕಥೆ ಇದನ್ನು ತೋರಿಸುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ 1739ರಲ್ಲಿ ಸಂತ ಸೇವಾಲಾಲರು ಜನಿಸಿದ ಸ್ಥಳ. ಪ್ರತಿ ಫೆಬ್ರುವರಿಯಲ್ಲಿ ಹಲವು ರಾಜ್ಯಗಳ ಬಂಜಾರರು ಅಲ್ಲಿಗೆ ಬರುತ್ತಾರೆ. ಅವರ ಪೂರ್ವಿಕರ ಕಸುಬು ಲದೇಣಿ, ಎಂದರೆ ಎತ್ತುಗಳ ಬೆನ್ನಿನ ಮೇಲೆ ಧಾನ್ಯ, ಉಪ್ಪು ಹೇರಿ ದೂರದ ಸೀಮೆಗಳಿಗೆ ಸಾಗಿಸುವ ವ್ಯಾಪಾರ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಹೋದ ಕಾರ್ನ್‌ವಾಲಿಸನ ಸೇನೆಗೆ ಧಾನ್ಯ ಒದಗಿಸಿದವರಲ್ಲಿ ಬಂಜಾರರೂ ಇದ್ದರು. ಆ ವ್ಯಾಪಾರದಲ್ಲಿ ಸರಕೂ ಹಣವೂ ಒಂದೇ ತಾಂಡಾದ ಜೊತೆ ಸಾಗುತ್ತಿದ್ದವು. ರೈಲು, ರಸ್ತೆ ಬಂದು ಲದೇಣಿ ನಿಂತ ಮೇಲೆ ನೆಲೆಯೂರಿದ ಎಷ್ಟೋ ತಾಂಡಾಗಳು ದಶಕಗಳ ಕಾಲ ಕಂದಾಯ ಗ್ರಾಮವೇ ಆಗಲಿಲ್ಲ. ಮನೆಯಿದ್ದೂ ಹಕ್ಕುಪತ್ರವಿಲ್ಲ, ಹಕ್ಕುಪತ್ರವಿಲ್ಲದೆ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಪುಸ್ತಕದಲ್ಲಿ ಹೆಸರು ಬರುವುದು ಎಷ್ಟು ದೊಡ್ಡ ಸಂಗತಿ ಎಂಬುದು ಬಿಟ್ಟುಹೋದವರಿಗೆ ಗೊತ್ತು.

ಪರಿಹಾರದ ಮಾತಿಗೆ ಬಂದರೆ, ಬಹುತೇಕ ಸಂಸ್ಥೆಗಳು ಮೊದಲು ಹೊಸ ತಂತ್ರಾಂಶ ಕೊಳ್ಳಲು ಹೊರಡುತ್ತವೆ. ಇದು ತಿರುಗುಮುರುಗಾದ ಕ್ರಮ. ಮೊದಲು ಬೇಕಾದದ್ದು ಒಂದೇ ಗುರುತು. ಸದಸ್ಯರಿಗೆ, ಸರಕಿಗೆ, ಲಾಟಿಗೆ ಗೋದಾಮಿನಲ್ಲಿ ಯಾವ ಸಂಖ್ಯೆಯೋ ಲೆಡ್ಜರಿನಲ್ಲೂ ಅದೇ ಸಂಖ್ಯೆ ಇರಬೇಕು. ಕರ್ನಾಟಕದ ಎಪಿಎಂಸಿಗಳಿಗಾಗಿ 2014ರಲ್ಲಿ ಹುಟ್ಟಿದ ಏಕೀಕೃತ ಮಾರುಕಟ್ಟೆ ವೇದಿಕೆ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಲಾಟ್ ಸಂಖ್ಯೆಯ ಮೇಲೇ ಟೆಂಡರು, ಬಿಲ್ಲು ಎಲ್ಲ ನಡೆಯುತ್ತವೆ. ಆಮೇಲೆ ಬೇಕಾದದ್ದು ಒಪ್ಪಿತ ಅರ್ಥಗಳು. ಮಾರಾಟ, ಗಿರಾಕಿ, ದಾಸ್ತಾನು, ಬಾಕಿ ಎಂದರೇನು, ಯಾವ ದಿನಾಂಕ ಲೆಕ್ಕಕ್ಕೆ ಎಂಬುದನ್ನು ಎರಡೂ ವಿಭಾಗಗಳು ಕೂತು ಬರೆದು ಸಹಿ ಹಾಕಬೇಕು. ಎರಡು ಅರ್ಥ ಬೇಕಾದಲ್ಲಿ ಎರಡು ಹೆಸರು ಇಡಬೇಕು: ‘ಬುಕ್ ಆದ ಮಾರಾಟ’, ‘ಲೆಕ್ಕಕ್ಕೆ ಬಂದ ಮಾರಾಟ’ ಎಂದು ಬೇರೆ ಬೇರೆ ಸಾಲಿನಲ್ಲಿ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಾಳೆಪಟ್ಟಿ, ಮತ್ತು ಅದಕ್ಕೆ ಹೆಸರು ಹಿಡಿದು ಹೇಳಬಹುದಾದ ಒಬ್ಬ ಹೊಣೆಗಾರರು. ಪ್ರತಿ ತಿಂಗಳೂ ಗೊತ್ತಾದ ದಿನ ಎರಡು ಮೊತ್ತಗಳನ್ನು ಎದುರುಬದುರು ಇಟ್ಟು, ವ್ಯತ್ಯಾಸಕ್ಕೆ ಕಾರಣವನ್ನು ಸಾಲುಸಾಲಾಗಿ ಬರೆಯಬೇಕು: ದಿನಾಂಕದ ವ್ಯತ್ಯಾಸ ಇಷ್ಟು, ತೆರಿಗೆ ಇಷ್ಟು, ಮರಳಿದ ಸರಕು ಇಷ್ಟು, ವಿವರಣೆ ಸಿಗದದ್ದು ಇಷ್ಟು. ಕೊನೆಯ ಸಾಲು ಸೊನ್ನೆಯಾಗಲೇಬೇಕೆಂದೇನಿಲ್ಲ. ಅದು ಕಾಣಬೇಕು, ತಿಂಗಳಿಂದ ತಿಂಗಳಿಗೆ ಇಳಿಯಬೇಕು. ಜಿಎಸ್‌ಟಿ ಈ ಶಿಸ್ತನ್ನು ಕಾನೂನಿನಿಂದಲೇ ಹೇರಿದೆ. 2022ರ ಜನವರಿ 1ರಿಂದ, ಸರಬರಾಜುದಾರರು ತಮ್ಮ ವಿವರಪಟ್ಟಿಯಲ್ಲಿ ತೋರಿಸದ ಬಿಲ್ಲಿನ ಮೇಲೆ ಕೊಂಡವರಿಗೆ ಹೂಡುವಳಿ ತೆರಿಗೆಯ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸಿಗುವುದಿಲ್ಲ. ಹೀಗಾಗಿ ಸಣ್ಣ ವ್ಯಾಪಾರಿಗಳೂ ತಮ್ಮ ಖರೀದಿ ಪುಸ್ತಕವನ್ನು ಜಾಲತಾಣದ ವಿವರದೊಂದಿಗೆ ತಿಂಗಳು ತಿಂಗಳು ತಾಳೆ ನೋಡುತ್ತಾರೆ. ಹಣ ಕಳೆದುಕೊಳ್ಳುವ ಭಯವಿದ್ದಲ್ಲಿ ತಾಳೆ ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಜನರ ಮಟ್ಟದಲ್ಲಿ ಮಾಡಬೇಕಾದದ್ದು ಸರಳ. ದತ್ತಾಂಶ ವಿಭಾಗದವರೊಬ್ಬರು ತಿಂಗಳ ಪುಸ್ತಕ ಮುಚ್ಚುವ ಕೆಲಸದಲ್ಲಿ ಕೂರಬೇಕು. ಲೆಕ್ಕ ವಿಭಾಗದವರೊಬ್ಬರು ತಮಗೆ ಬೇಕಾದ ವಿವರವನ್ನು ದತ್ತಾಂಶದಿಂದ ತಾವೇ ತೆಗೆಯಲು ಕಲಿಯಬೇಕು. ದತ್ತಾಂಶದವರು ತಿಂಗಳು ಮುಚ್ಚಿದ ದಿನದ ಪ್ರತಿಯನ್ನು ಹಾಗೆಯೇ ತೆಗೆದಿಡಬೇಕು. ಮುಂದೆ ಮರುಎಣಿಕೆ ಮಾಡಿದರೆ ಹಳೆಯದೂ ಹೊಸದೂ ಎರಡೂ ಇರಬೇಕು.

ಸಣ್ಣ ಸಂಘಗಳಿಗೆ ಈಗ ಒಳ್ಳೆಯ ಅವಕಾಶ ಒದಗಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಶುರುವಾದ ಕೃಷಿ ಪತ್ತಿನ ಸಹಕಾರ ಚಳವಳಿ ನೂರಕ್ಕೂ ಹೆಚ್ಚು ವರ್ಷ ಕೈಬರಹದ ಪುಸ್ತಕಗಳಲ್ಲೇ ನಡೆಯಿತು. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಸಾಲ, ಗೊಬ್ಬರ, ದಾಸ್ತಾನು, ಠೇವಣಿ ಎಲ್ಲವೂ ಒಂದೇ ತಂತ್ರಾಂಶದಲ್ಲಿ ಬರುವುದು ಇದರ ಉದ್ದೇಶ. ಹಳೆಯ ಪುಸ್ತಕದ ಬಾಕಿಯನ್ನು ತಾಳೆ ನೋಡದೆ ಕಂಪ್ಯೂಟರಿಗೆ ಏರಿಸಿದರೆ ಹಳೆಯ ತಪ್ಪೇ ಹೊಸ ಅಚ್ಚಿನಲ್ಲಿ ಬರುತ್ತದೆ. ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸಂಘಗಳ ಆಡಳಿತ ಮಂಡಳಿಗಳು ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಗೆ ಅಢಾವೆ ಪತ್ರಿಕೆಯ ಜೊತೆ ಒಂದು ಪುಟದ ತಾಳೆಪಟ್ಟಿಯನ್ನೂ ಅಚ್ಚು ಹಾಕಿಸಿ ಸದಸ್ಯರ ಕೈಗೆ ಕೊಡಬೇಕು. ಸದಸ್ಯರು ಅದರ ಕೊನೆಯ ಸಾಲನ್ನು ಸಭೆಯಲ್ಲಿ ಎದ್ದು ನಿಂತು ಕೇಳಬೇಕು.